ಹಳೆಯ ಲ್ಯಾಪ್‌ಟಾಪಿನ ಫ್ಯಾನು: ದೋಷ ಪತ್ತೆ ಮತ್ತು ಪರಿಹಾರ

ಬೆಳೆಯ ಖರ್ಚುವೆಚ್ಚ, ಹಾಲಿನ ಲೆಕ್ಕ, ಮಕ್ಕಳ ಪಾಠಗಳಿಗೆ ಅನೇಕ ರೈತ ಕುಟುಂಬಗಳು ಹಳೆಯ ಲ್ಯಾಪ್‌ಟಾಪನ್ನು ಬಳಸುತ್ತವೆ. ಇದರ ಫ್ಯಾನು ಕೆಟ್ಟರೆ ಪ್ರೊಸೆಸರಿನ ಶಾಖ ಹೊರಹೋಗುವುದಿಲ್ಲ. ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಯಂತ್ರದ ವೇಗ ಕುಗ್ಗಿ, ಕೊನೆಗೆ ತಾನಾಗಿಯೇ ಬಂದ್ ಆಗುತ್ತದೆ. ಆದ್ದರಿಂದ ಮೊದಲು ಲೆಕ್ಕಪತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿರಿ.

ಲಕ್ಷಣಗಳು

ಗಾಳಿ ಹೊರಬರುವ ಕಿಂಡಿಯ ಬಳಿ ಅಂಗೈ ಹಿಡಿದು ಪರೀಕ್ಷಿಸತಕ್ಕದ್ದು.

1. ಸದ್ದು ಜೋರಾಗಿದ್ದು ಗಾಳಿ ಕಡಿಮೆಯಿದ್ದರೆ, ಫ್ಯಾನಿಗೂ ಶಾಖ ಬಿಡುವ ತಗಡಿನ ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯಂತೆ ಕಟ್ಟಿರುತ್ತದೆ.

2. ಕರಕರ ಸದ್ದು ಬಂದರೆ ಬೇರಿಂಗ್ ಸವೆದಿದೆಯೆಂದು ತಿಳಿಯಬೇಕು. ಎಣ್ಣೆ ಬಿಡುವುದು ತಾತ್ಕಾಲಿಕ ಉಪಾಯ. ಫ್ಯಾನನ್ನು ಬದಲಾಯಿಸುವುದೇ ಲೇಸು.

3. ಯಂತ್ರ ಸುಡುತ್ತಿದ್ದರೂ ಗಾಳಿ, ಸದ್ದು ಎರಡೂ ಇಲ್ಲದಿದ್ದರೆ ಫ್ಯಾನು ನಿಂತಿದೆ ಅಥವಾ ಅದರ ತಂತಿ ಕಳಚಿದೆ. ಕೂಡಲೇ ಬಳಕೆ ನಿಲ್ಲಿಸಿರಿ.

4. ಗಾಳಿ ಧಾರಾಳವಾಗಿದ್ದರೂ ಯಂತ್ರ ಬಂದ್ ಆಗುತ್ತಿದ್ದರೆ, ಪ್ರೊಸೆಸರಿನ ಮೇಲೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರುವ ಸಂಭವವುಂಟು. ಇದನ್ನು ರಿಪೇರಿ ಬಲ್ಲವರಿಂದ ಹೊಸದಾಗಿ ಹಚ್ಚಿಸಬೇಕು.

ಪರಿಹಾರ

ಧೂಳು ತೆಗೆಯಲು ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತದೆ, ಚುಚ್ಚದೆ ರಿಪೇರಿಯವರಿಗೆ ಒಪ್ಪಿಸತಕ್ಕದ್ದು. ಫ್ಯಾನಿನ ರೆಕ್ಕೆಗಳು ತಿರುಗದಂತೆ ಹಿಡಿದು, ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಳಸಬಾರದು. ಅದರ ರಭಸಕ್ಕೆ ಬೇರಿಂಗ್ ಹಾಳಾಗುವುದಲ್ಲದೆ ಗಾಳಿಯಲ್ಲಿನ ತೇವವೂ ಒಳಸೇರುತ್ತದೆ.

ಮುಂಜಾಗ್ರತೆ

ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಮಣೆಯ ಮೇಲಿಟ್ಟು ಬಳಸಿರಿ. ಪ್ರತಿ ವರ್ಷ ಒಕ್ಕಣೆಯ ಧೂಳು ಮುಗಿದ ಮೇಲೆ ಒಮ್ಮೆ ಸ್ವಚ್ಛಗೊಳಿಸುವುದು ಉತ್ತಮ.