ಬೆಲಾರುಸ್: ಒಮ್ಮೆ ಮಾತ್ರ ನಡೆದ ಚುನಾವಣೆ

1986ರ ಏಪ್ರಿಲ್ 26ರಂದು ಉಕ್ರೇನಿನ ಚೆರ್ನೊಬಿಲ್ ಅಣುಸ್ಥಾವರ ಸಿಡಿದಾಗ ವಿಕಿರಣ ಧೂಳಿನ ಬಹುಪಾಲು ಬಂದು ಬಿದ್ದದ್ದು ಉತ್ತರಕ್ಕಿರುವ ಬೆಲಾರುಸ್ ಮೇಲೆ. ಅಲ್ಲಿನ ಐದನೆಯ ಒಂದು ಭಾಗಕ್ಕೂ ಹೆಚ್ಚು ನೆಲ ಕಲುಷಿತವಾಯಿತು. ಸೋವಿಯತ್ ಸರ್ಕಾರ ನಿಜ ಸಂಗತಿಯನ್ನು ಮುಚ್ಚಿಟ್ಟಿತು. ಸೀಸಿಯಂ, ಸ್ಟ್ರಾನ್ಷಿಯಂ ಎಂದರೇನೆಂದು ಬಲ್ಲ ಭೌತಶಾಸ್ತ್ರದ ಪ್ರಾಧ್ಯಾಪಕ ಸ್ತನಿಸ್ಲಾವ್ ಶುಷ್ಕೆವಿಚ್ ಸುಮ್ಮನಿರಲಾರದೆ ರಾಜಕೀಯಕ್ಕೆ ಇಳಿದರು. 1991ರ ಡಿಸೆಂಬರ್ 8ರಂದು ಕಾಡಿನ ನಡುವಿನ ಬೇಟೆ ಬಂಗಲೆಯೊಂದರಲ್ಲಿ ರಷ್ಯದ ಯೆಲ್ಟ್ಸಿನ್ ಮತ್ತು ಉಕ್ರೇನಿನ ಕ್ರಾವ್‌ಚುಕ್ ಜೊತೆ ಕುಳಿತು, ಸೋವಿಯತ್ ಒಕ್ಕೂಟ ಇನ್ನಿಲ್ಲವೆಂಬ ಒಪ್ಪಂದಕ್ಕೆ ಬೆಲಾರುಸ್ ಪರವಾಗಿ ಸಹಿ ಹಾಕಿದವರು ಈ ಮೇಷ್ಟ್ರೇ. ಆಗ ಅವರು ಸಂಸತ್ತಿನ ಅಧ್ಯಕ್ಷರು.

ಸ್ವಾತಂತ್ರ್ಯವೇನೋ ಬಂತು, ಜೊತೆಗೆ ಬೆಲೆ ಏರಿಕೆಯೂ ಬಂತು. ಕೂಡಿಟ್ಟ ಹಣ ಕರಗಿಹೋದ ಜನ ಯಾರನ್ನಾದರೂ ದೂರಲೇಬೇಕಿತ್ತು. ಸರ್ಕಾರಿ ಕೃಷಿಕ್ಷೇತ್ರವೊಂದರ ನಿರ್ದೇಶಕರಾಗಿದ್ದ ಅಲೆಕ್ಸಾಂಡರ್ ಲುಕಶೆಂಕೊ ಆಗ ಸಂಸತ್ತಿನ ಭ್ರಷ್ಟಾಚಾರ ವಿರೋಧಿ ಸಮಿತಿಯ ಮುಖ್ಯಸ್ಥರು. ಶುಷ್ಕೆವಿಚ್ ಮೇಲೆ ಅವರು ಹೊರಿಸಿದ ಆರೋಪಗಳಲ್ಲಿ ತೋಟದ ಮನೆಗೆ ಸರ್ಕಾರಿ ಮೊಳೆ ಬಳಸಿದರೆಂಬುದೂ ಒಂದು! 1994ರ ಜನವರಿಯಲ್ಲಿ ಸಂಸತ್ತು ಪ್ರಾಧ್ಯಾಪಕರನ್ನು ಕೆಳಗಿಳಿಸಿತು.

ಅದೇ ವರ್ಷ ಹೊಸ ಸಂವಿಧಾನ ಜಾರಿಗೆ ಬಂತು. ಅಧ್ಯಕ್ಷರಿಗೆ ಐದು ವರ್ಷಗಳ ಅವಧಿ, ಹೆಚ್ಚೆಂದರೆ ಎರಡು ಸಲ. ಜುಲೈನ ಎರಡನೇ ಸುತ್ತಿನಲ್ಲಿ ಲುಕಶೆಂಕೊ ಶೇಕಡಾ 80ರಷ್ಟು ಮತ ಪಡೆದು ಪ್ರಧಾನಿ ಕೆಬಿಚ್‌ರನ್ನು ಸೋಲಿಸಿದರು. ಇಲ್ಲಿ ಮೋಸವಿರಲಿಲ್ಲ. ಜನರೇ ಆರಿಸಿದರು, ಅಧಿಕಾರದಲ್ಲಿದ್ದವರು ಸೋತು ಮನೆಗೆ ಹೋದರು. ಬೆಲಾರುಸ್‌ನಲ್ಲಿ ಅಧ್ಯಕ್ಷ ಪದವಿಗೆ ಅಂಥ ಚುನಾವಣೆ ಅದೇ ಮೊದಲು. 2025ರವರೆಗೂ ಮತ್ತೊಂದು ನಡೆಯಲಿಲ್ಲ.

ಮುಂದಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. 1994ಕ್ಕೆ ಐದು ಕೂಡಿಸಿದರೆ 1999. ಆದರೆ 1996ರ ನವೆಂಬರ್‌ನಲ್ಲಿ ಲುಕಶೆಂಕೊ ಜನಮತಗಣನೆ ನಡೆಸಿ ಸಂವಿಧಾನ ತಿದ್ದಿದರು. ಅವಧಿಯ ಎಣಿಕೆ ಹೊಸದಾಗಿ ಶುರುವಾಗಿ 1999 ಎಂಬುದು 2001 ಆಯಿತು. ಈ ಜನಮತ ಬರೀ ಸಲಹೆಯಷ್ಟೇ ಎಂದು ಸಂವಿಧಾನ ನ್ಯಾಯಾಲಯ ಹೇಳಿತ್ತು, ಅದನ್ನು ಕೇಳಿದವರಿಲ್ಲ. ಜನಮತಗಣನೆಯ ಬಗ್ಗೆ ತಕರಾರು ಎತ್ತಿದ ಚುನಾವಣಾ ಆಯೋಗದ ಮುಖ್ಯಸ್ಥ ವಿಕ್ತರ್ ಹಾಂಚರ್‌ರನ್ನು ಮತದಾನದ ದಿನಕ್ಕೆ ಮುಂಚೆಯೇ ವಜಾ ಮಾಡಲಾಯಿತು. 1999ರ ಸೆಪ್ಟೆಂಬರ್‌ನಲ್ಲಿ ಅವರು ಮಿನ್ಸ್ಕ್ ನಗರದಲ್ಲಿ ಕಾಣೆಯಾದರು. 2004ರಲ್ಲಿ ಮತ್ತೊಂದು ಜನಮತಗಣನೆ; ಈ ಬಾರಿ 'ಎರಡೇ ಸಲ' ಎಂಬ ಮಿತಿಯೇ ಹೋಯಿತು. ಗಮನಿಸಬೇಕಾದ್ದೆಂದರೆ, ಪ್ರತಿ ಮೆಟ್ಟಿಲಿಗೂ ಮತಪೆಟ್ಟಿಗೆ ಇಟ್ಟೇ ಇದನ್ನೆಲ್ಲ ಮಾಡಿದ್ದು.

ಪೆಟ್ಟಿಗೆಯ ಕಥೆಯೂ ಸ್ವಾರಸ್ಯವಾಗಿದೆ. ಅಲ್ಲಿ ಮತದಾನದ ದಿನಕ್ಕೆ ಐದು ದಿನ ಮೊದಲೇ ಮತ ಹಾಕಬಹುದು. ಕಾರ್ಖಾನೆಯ ಕೆಲಸಗಾರರನ್ನೂ ಹಾಸ್ಟೆಲ್ ವಿದ್ಯಾರ್ಥಿಗಳನ್ನೂ ಹಾಗೆ ಮೊದಲೇ ಮತ ಹಾಕಲು ಒತ್ತಾಯಿಸಲಾಗುತ್ತದೆಂದು ವೀಕ್ಷಕರು ಮತ್ತೆ ಮತ್ತೆ ದೂರಿದ್ದಾರೆ. ಅಷ್ಟೂ ರಾತ್ರಿ ಪೆಟ್ಟಿಗೆ ಯಾರ ಕಾವಲಿನಲ್ಲಿರುತ್ತದೆ? ಅಧಿಕಾರಿಗಳದೇ.

2020ರ ಆಗಸ್ಟ್ 9ರ ಚುನಾವಣೆಯಲ್ಲಿ ಇಂಗ್ಲಿಷ್ ಶಿಕ್ಷಕಿಯ ತರಬೇತಿ ಪಡೆದಿದ್ದ ಗೃಹಿಣಿ ಸ್ವೆತ್ಲಾನಾ ತಿಖಾನೊವ್‌ಸ್ಕಾಯಾ, ಜೈಲು ಸೇರಿದ ಗಂಡನ ಬದಲಿಗೆ ತಾವೇ ಸ್ಪರ್ಧಿಸಿದರು. ಜನ ತಮ್ಮ ಮತಪತ್ರದ ಫೋಟೊ ತೆಗೆದು ಸ್ವತಂತ್ರ ಎಣಿಕೆಗಾಗಿ ಕಳಿಸಿದರು. ಅಧಿಕೃತ ಫಲಿತಾಂಶ ಮಾತ್ರ ಲುಕಶೆಂಕೊಗೆ ಶೇಕಡಾ 80.1, ಆಕೆಗೆ ಶೇಕಡಾ 10.1. ಲಕ್ಷಾಂತರ ಮಂದಿ ಬೀದಿಗಿಳಿದರು, ಸಾವಿರಾರು ಮಂದಿ ಸೆರೆಯಾದರು. ಆಕೆ ಲಿಥುವೇನಿಯಕ್ಕೆ ಹೋಗಬೇಕಾಯಿತು. 2022ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಅಲೆಸ್ ಬಿಯಾಲಿಯಾಟ್‌ಸ್ಕಿ ಪ್ರಶಸ್ತಿ ಘೋಷಣೆಯಾದಾಗ ಜೈಲಿನಲ್ಲಿದ್ದರು. ಅವರ ಬಿಡುಗಡೆ ಆದದ್ದು 2025ರ ಡಿಸೆಂಬರ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ನಡೆದ ಏಳನೇ ಚುನಾವಣೆಯಲ್ಲಿ ಲುಕಶೆಂಕೊ ಪಡೆದ ಅಧಿಕೃತ ಮತ ಶೇಕಡಾ 86.8.

ಇನ್ನು ಶುಷ್ಕೆವಿಚ್. ಅವರ ಪಿಂಚಣಿಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸದ ಕಾರಣ ಅದು ಕ್ರಮೇಣ ತಿಂಗಳಿಗೆ ಎರಡು ಡಾಲರಿಗೂ ಕಡಿಮೆಯಾಯಿತು. ಜೀವನಕ್ಕಾಗಿ ಅವರು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ ಕೊಡುತ್ತಿದ್ದರು. 2022ರ ಮೇ ತಿಂಗಳಲ್ಲಿ, 87ನೇ ವಯಸ್ಸಿನಲ್ಲಿ, ತೀರಿಕೊಂಡರು.