ಆಲ್ದೂರಿನ ತೋಟದಲ್ಲಿ ನೀರು, ನೆರಳು, ಮಣ್ಣಿನ ಲೆಕ್ಕ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ದಾರಿ ಹಿಡಿದರೆ ಆಲ್ದೂರು ಸಿಗುತ್ತದೆ. ಹಣ್ಣು ಕೊಯ್ಲಿನ ದಿನಗಳಲ್ಲಿ ಇಲ್ಲಿನ ಅರೇಬಿಕಾ ತೋಟಗಳೊಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಪಲ್ಪರ್ ಮನೆಯ ಹುಳಿ ವಾಸನೆ. ತೋಟದಿಂದ ಪರಿಸರಕ್ಕೆ ಆಗುತ್ತಿರುವುದೇನು ಎಂದು ತಿಳಿಯಬೇಕಾದವರು ಅಲ್ಲಿಂದಲೇ ಹೊರಡಬೇಕು.

ತೂಕವಾದ ಹಣ್ಣು ಪಲ್ಪರ್‌ಗೆ ಬೀಳುತ್ತದೆ. ಸಿಪ್ಪೆ ಒಂದು ಕಡೆ, ಲೋಳೆ ಅಂಟಿದ ಬೀಜ ಇನ್ನೊಂದು ಕಡೆ. ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ತುಂಬಿರುತ್ತದೆ. ಅದು ಹಾಗೇ ಹಳ್ಳ ಸೇರಿದರೆ, ಕೊಳೆಯುತ್ತ ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ನುಂಗಿ ಮೀನುಗಳನ್ನು ಉಸಿರುಗಟ್ಟಿಸುತ್ತದೆ. ಆದ್ದರಿಂದ ಪಲ್ಪರ್ ಮನೆಯ ಹಿಂದೆ ಗುಂಡಿಗಳಿವೆಯೇ, ಹುಳಿ ಮುರಿಯಲು ಸುಣ್ಣ ಹಾಕಿದ್ದಾರೆಯೇ ಎಂದು ನೋಡಬೇಕು. ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯುವ ಇಕೋ ಪಲ್ಪರ್ ಇದ್ದರೆ ನೀರು ಬಹಳ ಉಳಿಯುತ್ತದೆ. ಟ್ಯಾಂಕಿನ ಪೈಪಿಗೊಂದು ಮೀಟರ್ ಕೂರಿಸಿದರೆ ಕಿಲೋ ಹಣ್ಣಿಗೆ ಎಷ್ಟು ಲೀಟರ್ ಹೋಯಿತೆಂದು ಅದೇ ಸಂಜೆ ಗೊತ್ತಾಗುತ್ತದೆ.

ಪಲ್ಪರ್ ಮನೆ ದಾಟಿ ಏರು ಹತ್ತಿದರೆ ಗಿಡದ ಸಾಲುಗಳ ನಡುವೆ ತೊಟ್ಟಿಲು ಗುಂಡಿಗಳು. ಮಳೆನೀರು, ಕೊಚ್ಚಿ ಬಂದ ಮೇಲ್ಮಣ್ಣು, ತರಗೆಲೆ ಎಲ್ಲವೂ ಅಲ್ಲಿ ನಿಲ್ಲುತ್ತವೆ. ತಲೆಯೆತ್ತಿದರೆ ಹಲಸು, ಅತ್ತಿ, ನೇರಳೆ. ನಡುನಡುವೆ ಮೆಣಸು ಹಬ್ಬಿದ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಕಡಿಯಲು ರಗಳೆ ಕಡಿಮೆ ಎಂದು ಸಿಲ್ವರ್ ಓಕ್ ನೆಟ್ಟವರೇ ಹೆಚ್ಚು. ಆದರೆ ನಾಡಮರಗಳಲ್ಲಿ ಹಕ್ಕಿಗಳಿಗೆ ಸಿಗುವಷ್ಟು ಬಗೆಬಗೆಯ ಆಹಾರ ಅದರಲ್ಲಿಲ್ಲ. ಮರಗಸಿ, ಅಂದರೆ ನೆರಳು ಮರದ ರೆಂಬೆ ಕತ್ತರಿಸುವುದು, ಮಿತಿಮೀರಿ ನೆರಳು ತೆಳುವಾದರೆ ಬಿಸಿಲು ಬಿದ್ದ ಕಾಫಿ ಕಾಂಡದಲ್ಲಿ ಬಿಳಿ ಕಾಂಡಕೊರಕ ಕೀಟ ಮೊಟ್ಟೆಯಿಡುತ್ತದೆ. ಎಕರೆಗೆ ಯಾವ ಜಾತಿಯ ಮರ ಎಷ್ಟಿವೆ ಎಂದು ಎಣಿಸುವುದು ತೋಟದ ಆರೋಗ್ಯದ ಲೆಕ್ಕವೂ ಹೌದು.

ಮೂರನೆಯದು ಗೊಬ್ಬರ. ಹೆಚ್ಚಾಗಿ ಸುರಿದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಲಶಾಲಿ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕಿದರೆ ಹಣವೂ ಉಳಿಯುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇಲ್ಲಿಗೆ ದೂರವೇನಲ್ಲ.

ಈ ಲೆಕ್ಕವನ್ನು ಈಗ ಹೊರಗಿನವರೂ ಕೇಳುತ್ತಿದ್ದಾರೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ತೋಟ ಇರುವ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಭಾರತದ ಕಾಫಿಯಲ್ಲಿ ಬಹುಪಾಲು ರಫ್ತಾಗುವುದರಿಂದ ಇದು ಆಲ್ದೂರಿನ ಮನೆಬಾಗಿಲಿನ ವಿಷಯ.

ದೊಡ್ಡ ಎಸ್ಟೇಟಿನಲ್ಲಿ ಇದನ್ನೆಲ್ಲ ಬರೆದಿಡಲು ರೈಟರ್ ಇರುತ್ತಾರೆ. ಮೂರು ಎಕರೆಯ ಬೆಳೆಗಾರ ಕೊಯ್ಲು, ಕಣ, ಕೂಲಿ ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕು. ಅವನಿಗೆ ದಂಡದ ನೋಟಿಸಿಗಿಂತ ಮೊದಲು ಮಣ್ಣಿನ ವರದಿ ಓದಿ ಹೇಳುವವರು, ಹತ್ತು ಮನೆ ಸೇರಿ ಬಳಸುವ ಇಕೋ ಪಲ್ಪರ್, ಅದರ ಗುಂಡಿಗೆ ಸಹಾಯಧನ ಸಿಗಬೇಕು. ಹಳ್ಳ ಎಲ್ಲರದು, ಅದನ್ನು ಉಳಿಸುವ ಖರ್ಚು ಸಣ್ಣ ಬೆಳೆಗಾರನೊಬ್ಬನ ಹೆಗಲಿಗೆ ಬೀಳಬಾರದು.