ಸತ್ಯಭಾಮೆಯೋ ರುಕ್ಮಿಣಿಯೋ? ಪರೇಲ್‌ನ ಹೊಸ ಪೀಳಿಗೆ ಹೂಡಿದ ಹಳೆಯ ವಾದ

ಪರೇಲ್: ಒಬ್ಬ ಹುಡುಗ, ಐವರು ಹುಡುಗಿಯರು. ಐವರೂ ಒಂದೇ ಹೆರಿಗೆಯಲ್ಲಿ ಹುಟ್ಟಿದ ಅಕ್ಕತಂಗಿಯರು, ಐವರ ಮುಖವೂ ಒಂದೇ. ಹುಡುಗ ಅವರಿಗೆ ಪಾಠ ಹೇಳಿಕೊಡಲು ಬಂದ ಬಡವರ ಮನೆಯ ಜಾಣ ವಿದ್ಯಾರ್ಥಿ. ಕಥೆ ತೆರೆದುಕೊಳ್ಳುವುದೇ ಅವನ ಮದುವೆಯ ದಿನ. ಆದರೆ ಮದುಮಗಳು ಐವರಲ್ಲಿ ಯಾರು ಎಂಬುದನ್ನು ಮಾತ್ರ ಲೇಖಕ ಹೇಳುವುದಿಲ್ಲ. ಜಪಾನಿನ ನೆಗಿ ಹರುಬಾ ಎಂಬ ಚಿತ್ರಕಥೆಗಾರ 2017ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದು, 14 ಸಂಪುಟಗಳಲ್ಲಿ ಮುಗಿಸಿದ ‘ದಿ ಕ್ವಿಂಟೆಸೆನ್ಷಿಯಲ್ ಕ್ವಿಂಟಪ್ಲೆಟ್ಸ್’ ಕಥೆಯಿದು. ಕೊನೆಗೆ ಮದುಮಗಳಾದವಳು ನಾಲ್ಕನೆಯವಳು, ಯೊತ್ಸುಬಾ. ಕಥೆ ಮುಗಿದು ವರ್ಷಗಳಾದರೂ ‘ಮೂರನೆಯವಳಿಗೆ ಅನ್ಯಾಯವಾಯಿತು’, ‘ಎರಡನೆಯವಳೇ ಆಗಬೇಕಿತ್ತು’ ಎಂಬ ಜಗಳ ಮಾತ್ರ ಮುಗಿದಿಲ್ಲ.

ಮಾಂಗಾ ಎಂದರೆ ಜಪಾನೀ ಚಿತ್ರಕಥೆ. ಬಲದಿಂದ ಎಡಕ್ಕೆ ಓದುವ ಪುಸ್ತಕ. ಅದರಲ್ಲೂ ಒಬ್ಬ ನಾಯಕನ ಸುತ್ತ ಹಲವು ನಾಯಕಿಯರು ಸುಳಿಯುವ ಬಗೆಗೆ ‘ಹರೆಮ್ ಮಾಂಗಾ’ ಎಂಬ ಹೆಸರು. ಅಂತಃಪುರದ ಕಥೆ ಎನ್ನೋಣ. ಗಿರಣಿಗಳ ಚಿಮಿಣಿ ಇದ್ದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದಿರುವ ಈ ಪರೇಲ್ ಪರಿಸರದಲ್ಲಿ, ತುಳು ಕನ್ನಡಿಗರ ಮನೆಯ ಕಾಲೇಜು ಮಕ್ಕಳೂ ಇದನ್ನು ಓದುವವರೇ. 1905ರಲ್ಲಿ ಆರಂಭವಾದ ಫೀನಿಕ್ಸ್ ಮಿಲ್ ಈಗ ಲೋವರ್ ಪರೇಲ್‌ನ ಮಾಲ್. ಅಜ್ಜ ಪಾಳಿ ಮುಗಿಸಿ ಹೊರಬರುತ್ತಿದ್ದ ಮಿಲ್ಲುಗಳ ಬೀದಿಯಲ್ಲೇ ಮೊಮ್ಮಗಳು ಜಪಾನೀ ಸಿನಿಮಾಕ್ಕೆ ಟಿಕೇಟು ತೆಗೆಸುತ್ತಾಳೆ.

ಮನೆಯ ಹಿರಿಯರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ‘ಕನ್ನಡ ಅಕ್ಷರ ಓದಲು ಬಾರದವರು ಜಪಾನಿನ ಹುಡುಗಿಯರ ಹೆಸರನ್ನು ಬಾಯಿಪಾಠ ಹೇಳುತ್ತಾರೆ’ ಎಂಬ ಬೇಸರ ಅವರದು. ಆ ಬೇಸರ ನ್ಯಾಯವಾದುದೇ. ಆದರೆ ಮಕ್ಕಳು ಜಗಳವಾಡುತ್ತಿರುವ ವಿಷಯವನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ಅದು ಅಪರಿಚಿತವೇನಲ್ಲ. ಮಳೆಗಾಲದ ತಾಳಮದ್ದಳೆಗಳಲ್ಲಿ ಬೆಳಗಿನ ಜಾವದವರೆಗೆ ಕುಳಿತು ಕೇಳಿದ ವಾದವೇ ಅದು. ಸತ್ಯಭಾಮೆ ಹೆಚ್ಚೋ, ರುಕ್ಮಿಣಿ ಹೆಚ್ಚೋ?

ಪಾರಿಜಾತದ ಕಥೆ ಯಾರಿಗೆ ಗೊತ್ತಿಲ್ಲ? ನಾರದ ದೇವಲೋಕದಿಂದ ಒಂದು ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಯ ಮುಡಿಗಿಡುತ್ತಾನೆ. ಸುದ್ದಿ ಸತ್ಯಭಾಮೆಯ ಅಂತಃಪುರ ಮುಟ್ಟುತ್ತದೆ (ಮುಟ್ಟಿಸುವವನೂ ನಾರದನೇ ಎನ್ನಿ). ಆಕೆ ಆಭರಣ ಕಳಚಿಟ್ಟು ಮುನಿಸಿನಿಂದ ಮಲಗುತ್ತಾಳೆ. ಹೂವೇನು, ಮರವನ್ನೇ ತರುವೆನೆಂದು ಕೃಷ್ಣ ಮಾತು ಕೊಡುತ್ತಾನೆ, ಇಂದ್ರನೊಡನೆ ಕಾದಾಡಿ ಮರವನ್ನು ತಂದು ಭಾಮೆಯ ಅಂಗಳದಲ್ಲೇ ನೆಡುತ್ತಾನೆ. ಆದರೆ ಹೂ ಉದುರುವುದು ಗೋಡೆಯಾಚೆ, ರುಕ್ಮಿಣಿಯ ಅಂಗಳಕ್ಕೆ. ಉತ್ತರ ಕರ್ನಾಟಕದಲ್ಲಿ ಇದೇ ಕಥೆ ‘ಶ್ರೀಕೃಷ್ಣ ಪಾರಿಜಾತ’ ಎಂಬ ಬಯಲಾಟವಾಗಿ ಮನೆಮಾತಾಗಿದೆ. ಅದರ ಮಾತು ಬಂದಾಗ ಕುಲಗೋಡು ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರ ಹೆಸರು ಬಾರದೆ ಇರದು. ಕರಾವಳಿಯಲ್ಲಿ ಇದು ಯಕ್ಷಗಾನ ಪ್ರಸಂಗ. ಇದರ ಬೆನ್ನಿಗೇ ಬರುವುದು ತುಲಾಭಾರದ ಕಥೆ. ತಕ್ಕಡಿಯಲ್ಲಿ ಭಾಮೆಯ ಒಡವೆಯೆಲ್ಲ ಸೋತು, ರುಕ್ಮಿಣಿ ಇಟ್ಟ ಒಂದು ತುಳಸಿದಳ ತೂಗುತ್ತದೆ.

ಆಟದಲ್ಲಾದರೆ ವೇಷ, ಕುಣಿತ, ಬಣ್ಣ ಇವುಗಳ ನಡುವೆ ವಾದ ಹೇಗೋ ಸಾಗಿಹೋಗುತ್ತದೆ. ತಾಳಮದ್ದಳೆಯಲ್ಲಿ ಹಾಗಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಶಾಲು ಹೊದ್ದು ಕುಳಿತ ಅರ್ಥಧಾರಿಗೆ ಇರುವುದು ಮಾತೊಂದೇ. ಅಲ್ಲಿ ಭಾಮೆಯ ಪಾತ್ರ ವಹಿಸಿದವರು ಭಾಮೆಯ ವಕೀಲರೂ ಆಗಬೇಕು. ‘ಹೂವಿಗಾಗಿ ಅಳುವಷ್ಟು ಬಡವಳಲ್ಲ ಈ ಸತ್ರಾಜಿತನ ಮಗಳು, ಹೂ ಕೈಯಲ್ಲಿದ್ದಾಗ ನಿನಗೆ ನನ್ನ ನೆನಪಾಗಲಿಲ್ಲವಲ್ಲ, ಅದಕ್ಕೆ ಉತ್ತರ ಕೊಡು’ ಎಂಬ ಧಾಟಿಯಲ್ಲಿ ವಾದ ಹೂಡಿದರೆ, ಕೃಷ್ಣನ ಅರ್ಥಧಾರಿ ದೇವರಾದರೂ ಬೆವರಬೇಕು. ನರಕಾಸುರನ ಮೇಲೆ ಯುದ್ಧಕ್ಕೆ ಹೋದಾಗ ಗರುಡನ ಬೆನ್ನೇರಿ ಜೊತೆಗೆ ಬಂದವಳು ಯಾರು ಎಂಬ ಪ್ರಶ್ನೆಯೂ ಭಾಮೆಯ ಬತ್ತಳಿಕೆಯಲ್ಲಿರುತ್ತದೆ. ದೇರಾಜೆ ಸೀತಾರಾಮಯ್ಯ, ಶೇಣಿ ಗೋಪಾಲಕೃಷ್ಣ ಭಟ್ ಅವರಂಥ ಮಹನೀಯರು ಬೆಳೆಸಿದ ಕಲೆಯ ಹಿರಿಮೆಯೇ ಇದು. ಸೋಲುವ ಪಾತ್ರಕ್ಕೂ ತನ್ನ ಮಾತನ್ನು ಪೂರ್ತಿ ಆಡುವ ಅವಕಾಶ ಇಲ್ಲುಂಟು. ಪ್ರಸಂಗದಲ್ಲಿ ಯಾರು ಗೆಲ್ಲುತ್ತಾರೆಂಬುದು ಎಲ್ಲರಿಗೂ ಗೊತ್ತೇ ಇರುತ್ತದೆ. ಮಾತಿನಲ್ಲಿ ಯಾರು ಗೆದ್ದರೆಂದು ತೀರ್ಮಾನಿಸುವವರು ಪ್ರೇಕ್ಷಕರು, ಅದೂ ಮೊದಲ ಲೋಕಲ್ ರೈಲಿನಲ್ಲಿ ಮನೆಗೆ ಮರಳುವಾಗ.

ಈಗ ಮಾಂಗಾದ ಕಡೆ ಬರೋಣ. ಮೇಲೆ ಸಿಡುಕು, ಒಳಗೆ ಒಲವು ಇರುವ ನಾಯಕಿಗೆ ಜಪಾನೀಯರು ‘ಸುಂಡೆರೆ’ ಎನ್ನುತ್ತಾರೆ. ಮುಖ ತಿರುಗಿಸುವುದು ಮತ್ತು ಕರಗುವುದು ಎಂಬ ಎರಡು ಭಾವಗಳನ್ನು ಬೆಸೆದು ಮಾಡಿದ ಪದವಿದು. ಪಾರಿಜಾತ ನೋಡಿದ ಅಜ್ಜಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ‘ಹಾಂ, ಭಾಮೆ’ ಎಂದುಬಿಟ್ಟಾರು. ಇನ್ನೊಂದು ಬಗೆ ಬಾಲ್ಯದ ಗೆಳತಿ. ಮೊದಲಿನಿಂದಲೂ ಪ್ರೀತಿಸಿದವಳು, ಬಾಯಿಬಿಟ್ಟು ಹೇಳದವಳು, ಆದ್ದರಿಂದಲೇ ಬಹುಪಾಲು ಸೋಲುವವಳು. ನಾವೊಶಿ ಕೊಮಿಯ ‘ನಿಸೆಕೊಯಿ’ (2011–2016, 25 ಸಂಪುಟ) ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಜಗಳಗಂಟಿ ಚಿತೋಗೆ ಗೆದ್ದಳು, ಮೆಲುಮಾತಿನ ಒನೊಡೆರಾ ಸೋತಳು. ತುಳಸಿದಳದ ತೀರ್ಪಿಗೆ ತೀರಾ ವಿರುದ್ಧವಾದ ತೀರ್ಪು. ಒನೊಡೆರಾ ಪಕ್ಷದವರು ಇಂದಿಗೂ ಕೊಮಿಯನ್ನು ಕ್ಷಮಿಸಿಲ್ಲ.

ಪಕ್ಷ ಎಂದದ್ದು ತಮಾಷೆಗಲ್ಲ. ಜಪಾನಿನ ಪತ್ರಿಕೆಗಳು ‘ನಿಮ್ಮ ಮೆಚ್ಚಿನ ಪಾತ್ರ ಯಾವುದು’ ಎಂದು ಓದುಗರಿಂದ ಮತ ಪಡೆಯುತ್ತವೆ. ‘ನಿಸೆಕೊಯಿ’ಯ ಇಂಥದೊಂದು ಮತದಾನದಲ್ಲಿ ಚಿಬಾ ಪ್ರಾಂತ್ಯದ ಒಬ್ಬನೇ ಅಭಿಮಾನಿ ಮರಿಕಾ ಎಂಬ ಮತ್ತೊಬ್ಬ ನಾಯಕಿಗೆ 1,500 ಮತ ಕಳುಹಿಸಿದ್ದು ಅಲ್ಲಿ ದಂತಕಥೆಯಾಗಿದೆ. ಮುಂಬಯಿಯ ಸಂಘ-ಸಂಸ್ಥೆಗಳ ಚುನಾವಣೆ ಕಂಡವರಿಗೆ ಇದು ಅಷ್ಟೇನೂ ಆಶ್ಚರ್ಯ ತರದು!

ಈ ಬಗೆಯ ಕಥೆಗೆ ಜಪಾನಿನಲ್ಲಿ ದೀರ್ಘ ಇತಿಹಾಸವಿದೆ. ರಾಜಕುಮಾರನೊಬ್ಬನ ಅನೇಕ ಪ್ರೇಮಗಳನ್ನು ಹೇಳುವ ‘ಗೆಂಜಿ ಕಥೆ’ಯನ್ನು 11ನೇ ಶತಮಾನದ ಆರಂಭದಲ್ಲಿ ಬರೆದವಳು ಮುರಸಾಕಿ ಶಿಕಿಬು ಎಂಬ ಅರಮನೆಯ ಹೆಂಗಸು. ಮಾಂಗಾದಲ್ಲಿ ರುಮಿಕೊ ತಕಹಾಶಿ 1978ರಲ್ಲೇ ಅದಕ್ಕೆ ನಗೆಯ ದಾರಿ ಹಾಕಿಕೊಟ್ಟರು. ಆಕೆಯೂ ಮಹಿಳೆಯೇ ಎಂಬುದು ಉಲ್ಲೇಖನೀಯ. ಆದರೆ ಇಂದಿನ ಅಚ್ಚು ಮೂಡಿದ್ದು ಕೆನ್ ಅಕಮಾಟ್ಸುವಿನ ‘ಲವ್ ಹಿನಾ’ದಿಂದ (1998–2001). ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗುವ ಹುಡುಗ ಹುಡುಗಿಯರ ವಸತಿಗೃಹಕ್ಕೆ ಮೇನೇಜರ್ ಆಗುವ ಕಥೆ. ಈ ಅಕಮಾಟ್ಸು 2022ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು.

ಇಂಥ ಕಥೆಗಳ ನಾಯಕನ ಮೇಲೆ ಓದುಗರಿಗೆ ಒಂದು ದೊಡ್ಡ ದೂರಿದೆ. ಅವನು ಆರಿಸುವುದಿಲ್ಲ. ಸಂಪುಟ ಹತ್ತಾಗಲಿ, ಇಪ್ಪತ್ತಾಗಲಿ, ಎದುರಿನವಳ ಮನಸ್ಸು ತಿಳಿಯದವನಂತೆ ಇರುತ್ತಾನೆ. ಪತ್ರಿಕೆಗೆ ಧಾರಾವಾಹಿ ನಡೆಯಬೇಕು, ಆದ್ದರಿಂದ ಹುಡುಗ ಮಂಕನಾಗಿರಬೇಕು. ಕಾರಣ ಅಷ್ಟು ಸರಳ. ಆದರೆ ಕಾಯುವವಳ ವಯಸ್ಸು ಕಥೆಯೊಳಗೂ ಕಳೆಯುತ್ತಲೇ ಇರುತ್ತದೆ. ಪರೇಲ್‌ನ ಹುಡುಗಿಯರು ಈ ಪುಸ್ತಕಗಳ ಬಗ್ಗೆ ಹೆಚ್ಚು ಬಿಸಿಯಾಗುವುದು ಇಲ್ಲೇ. ಇಂಥ ಮನೆಯೊಂದರಲ್ಲಿ ಅಜ್ಜ-ಮೊಮ್ಮಗಳ ಮಾತು ಹೀಗೆ ಸಾಗೀತು:

‘ಅಜ್ಜ, ನಿಮ್ಮ ಕೃಷ್ಣನೂ ಆರಿಸಲೇ ಇಲ್ಲ ಅಲ್ವಾ? ಮರ ಒಬ್ಬಳಿಗೆ, ಹೂ ಒಬ್ಬಳಿಗೆ.’

‘ಅಲ್ಲ ಮಗಾ, ಅವನು ದೇವರು. ಎಲ್ಲರ ಮನೆಯಲ್ಲೂ ಒಟ್ಟಿಗೇ ಇರುತ್ತಾನೆ.’

‘ಹಾಗಾದರೆ ಭಾಮೆಗೆ ಯಾಕೆ ಅಳು ಬಂತು?’

ಅಜ್ಜನ ಉತ್ತರವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನರಕಾಸುರನ ಸೆರೆಯಿಂದ ಬಿಡಿಸಿದ ಹದಿನಾರು ಸಾವಿರ ಸ್ತ್ರೀಯರಿಗೆ ಕೃಷ್ಣ ಪತಿಯಾದುದನ್ನೂ, ನಾರದ ಅವರ ಒಂದೊಂದೇ ಮನೆಗೆ ಹೋಗಿ ನೋಡಿದಾಗ ಎಲ್ಲೆಲ್ಲೂ ಕೃಷ್ಣನನ್ನೇ ಕಂಡುದನ್ನೂ ಭಾಗವತ ಹೇಳುತ್ತದೆ. ಅಲ್ಲಿ ಯಾರೂ ಸೋತವರಲ್ಲ. ತುಳಸಿದಳ ತೂಗುವುದು ಕೂಡ ಭಕ್ತಿಯ ಮಾತು, ಸವತಿಯರ ಪಂದ್ಯವಲ್ಲ. ಭಕ್ತರ ಮನಸ್ಸಿನ ಕೃಷ್ಣನನ್ನು ಮಾಂಗಾದ ಮಂಕು ಹುಡುಗನ ಪಕ್ಕ ಕೂರಿಸುವ ಉದ್ದೇಶ ಯಾರಿಗೂ ಇಲ್ಲ. ಆದರೆ ಮೊಮ್ಮಗಳ ಪ್ರಶ್ನೆ ಕೃಷ್ಣನ ಬಗ್ಗೆ ಅಲ್ಲ, ಭಾಮೆಯ ಬಗ್ಗೆ. ಆ ಪ್ರಶ್ನೆಯನ್ನು ಒಳ್ಳೆಯ ಅರ್ಥಧಾರಿಗಳೂ ಎತ್ತುತ್ತಲೇ ಬಂದಿದ್ದಾರೆ.

ಜಪಾನೀಯರೂ ಇದಕ್ಕೆ ಬಗೆಬಗೆಯ ಪರಿಹಾರ ಹುಡುಕಿದ್ದಾರೆ. ತೈಶಿ ತ್ಸುತ್ಸುಯಿ ಎಂಬಾತ ‘ವಿ ನೆವರ್ ಲರ್ನ್’ (2017–2020) ಕಥೆಗೆ ಐವರು ನಾಯಕಿಯರಿಗೆ ಒಂದೊಂದರಂತೆ ಐದು ಮುಕ್ತಾಯ ಬರೆದ. ಯಾರ ಕಣ್ಣಲ್ಲೂ ನೀರು ಬೇಡವೆಂದು. ಇದು ನ್ಯಾಯವೇ, ಹೇಡಿತನವೇ ಎಂಬ ಬಗ್ಗೆ ಮತ್ತೆ ಎರಡು ಪಂಗಡಗಳಾದವು. 2019ರ ಕೊನೆಯಲ್ಲಿ ಆರಂಭವಾದ, ನೂರು ಪ್ರಿಯತಮೆಯರ ಇನ್ನೊಂದು ಮಾಂಗಾದಲ್ಲಿ ದೇವರ ಕೈತಪ್ಪಿನಿಂದ ಒಬ್ಬ ಹುಡುಗನಿಗೆ ನೂರು ಜನ ಜೊತೆಗಾತಿಯರ ಯೋಗ ಬರುತ್ತದೆ. ಅವನು ಕೈಬಿಟ್ಟವಳು ಬದುಕುವುದಿಲ್ಲ, ಆದ್ದರಿಂದ ಎಲ್ಲರನ್ನೂ ಒಪ್ಪಿಕೊಳ್ಳುತ್ತಾನೆ. ಎಲ್ಲವೂ ಗೇಲಿಗಾಗಿಯೇ. ಹಾಗಿದ್ದರೂ ಹದಿನಾರು ಸಾವಿರದ ಕಥೆ ಕೇಳಿ ಬೆಳೆದವರಿಗೆ ನೂರು ದೊಡ್ಡ ಸಂಖ್ಯೆಯಲ್ಲ.

ಹೆತ್ತವರು ಕೇಳಬೇಕಾದ ಬೇರೊಂದು ಪ್ರಶ್ನೆಯೂ ಇದೆ. ಈ ಪುಸ್ತಕಗಳೆಲ್ಲ ಮಕ್ಕಳಿಗೆ ತಕ್ಕವೇ? ಎಲ್ಲವೂ ಅಲ್ಲ. ‘ಶೋನೆನ್’ ಎಂದರೆ ಹದಿಹರೆಯದ ಹುಡುಗರಿಗೆಂದು ಬರುವ ಪತ್ರಿಕೆ, ‘ಸೈನೆನ್’ ವಯಸ್ಕರಿಗೆ. ಶೋನೆನ್‌ನಲ್ಲಿ ಬಂದ ‘ಲವ್ ಹಿನಾ’ದಲ್ಲಿಯೂ ಹುಡುಗಿಯರ ಸ್ನಾನದ ಕೋಣೆಗೆ ಅಕಸ್ಮಾತ್ ನುಗ್ಗುವ ದೃಶ್ಯಗಳು ಬೇಕಾದಷ್ಟಿವೆ. ಹುಡುಗರ ಕಣ್ಣಿಗೆ ಹಬ್ಬವಾಗಲೆಂದೇ ಬರೆದ ಚಿತ್ರಗಳು ಅವು. ಹುಡುಗಿಯರಿಗೆಂದು ಬರೆದವುಗಳಲ್ಲಿ ಲೆಕ್ಕ ತಿರುಗುಮುರುಗು, ಒಬ್ಬಳ ಸುತ್ತ ಹಲವು ಹುಡುಗರು. ಬಿಸ್ಕೊ ಹಟೊರಿಯ ‘ಔರನ್ ಹೈಸ್ಕೂಲ್ ಹೋಸ್ಟ್ ಕ್ಲಬ್’ (2002–2010) ಆ ಪೈಕಿ ಹೆಸರುವಾಸಿ. ಸಂಪುಟದ ಹಿಂಬದಿಯಲ್ಲಿ ವಯಸ್ಸಿನ ಸೂಚನೆ ಅಚ್ಚಾಗಿರುತ್ತದೆ, ಕೊಳ್ಳುವ ಮುನ್ನ ತಿರುಗಿಸಿ ನೋಡಿದರೆ ಸಾಕು.

ಈ ಅಭಿರುಚಿ ಇಲ್ಲಿ ಬೆಳೆದದ್ದು ಒಂದೆರಡು ವರ್ಷದಲ್ಲಲ್ಲ. ಹಿಂದಿ ಮಾತಾಡುವ ಡೋರೆಮಾನ್, 2004ರಲ್ಲಿ ಭಾರತಕ್ಕೆ ಬಂದ ಆನಿಮ್ಯಾಕ್ಸ್ ವಾಹಿನಿ ಇವುಗಳ ಮುಂದೆ ಕುಳಿತಿದ್ದ ಮಕ್ಕಳು ಈಗ ಸಂಬಳ ತರುವವರು. 2019ರಲ್ಲಿ ಮಕೊಟೊ ಶಿಂಕಾಯ್‌ಯ ‘ವೆದರಿಂಗ್ ವಿತ್ ಯೂ’ ಚಿತ್ರ ಭಾರತದಲ್ಲಿ ಬಿಡುಗಡೆಯಾದದ್ದು, ಐವತ್ತು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಮನವಿಗೆ ಸಹಿ ಹಾಕಿದ ಮೇಲೆ.

ಇತ್ತ ಪರೇಲ್‌ನಲ್ಲಿ ಹಳೆಯ ರಂಗದ ಜಾಗಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. 1922ರಿಂದ ಗಿರಣಗಾಂವ್‌ನ ಕಾರ್ಮಿಕರಿಗೆ ನಾಟಕ ತೋರಿಸಿದ ದಾಮೋದರ ನಾಟ್ಯಗೃಹ, ಪುನರ್ನಿರ್ಮಾಣಕ್ಕೆಂದು 2023ರಲ್ಲಿ ಬಾಗಿಲು ಮುಚ್ಚಿತು. 1982ರ ಜನವರಿ 18ರಂದು ಮೊದಲಾದ ಗಿರಣಿ ಮುಷ್ಕರದ ನಂತರ ಮಿಲ್ಲುಗಳ ಕಾಲ ಮುಗಿಯಿತು. ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು ಉಪನಗರಗಳತ್ತ ಸಾಗಿದರು. ತಾಳಮದ್ದಳೆ ಮುಂಬಯಿಯಲ್ಲಿ ನಿಂತಿಲ್ಲ. ಅಜೆಕಾರು ಕಲಾಭಿಮಾನಿ ಬಳಗದಂಥವರು ಊರಿನ ಅರ್ಥಧಾರಿಗಳನ್ನು ಮಳೆಗಾಲದಲ್ಲಿ ಕರೆಸಿ ಸರಣಿ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದ್ದಾರೆ. ಸಭೆಯಲ್ಲಿ ನೆರೆತ ತಲೆಗಳೇ ಹೆಚ್ಚು ಎಂಬುದನ್ನು ಮಾತ್ರ ಸಂಘಟಕರೂ ಅಲ್ಲಗಳೆಯಲಾರರು.

ಅಲ್ಲಿಗೆ ಮೊಮ್ಮಕ್ಕಳನ್ನು ಕರೆದೊಯ್ಯುವವರು ‘ನಮ್ಮ ಸಂಸ್ಕೃತಿ, ಬಾ’ ಎಂದು ಕರೆದರೆ ಬರುವವರು ಕಡಿಮೆ. ‘ಇವತ್ತು ಭಾಮೆಯ ಪರವಾಗಿ ಒಬ್ಬರು ಎರಡು ಗಂಟೆ ವಾದಿಸುತ್ತಾರೆ, ನಿನಗೆ ಒಪ್ಪಿಗೆಯಾಗುತ್ತದೋ ನೋಡು’ ಎಂದರೆ ಮಾತೇ ಬೇರೆ. ಕನ್ನಡ ಓದಲು ಬಾರದಿದ್ದರೂ ಕೇಳಿದರೆ ತಿಳಿಯುವ ಮಕ್ಕಳು ಇನ್ನೂ ಇದ್ದಾರೆ. ಐವರಲ್ಲಿ ಮೂರನೆಯವಳ ಪಕ್ಷ ಹಿಡಿದು ರಾತ್ರಿಯಿಡೀ ಜಗಳವಾಡಬಲ್ಲವರಿಗೆ ಮಾತಿನ ಕಲೆ ಬೇಸರ ತರಲಾರದು. ಹೀಗೆ ಬಂದವರು ಅರ್ಥಧಾರಿಗಳಿಗೆ ಹೊಸ ಪ್ರಶ್ನೆಗಳನ್ನೂ ತಂದಾರು. ಕೃಷ್ಣನಿಗೆ ಅಷ್ಟಮಹಿಷಿಯರು. ಜಗಳವೆಲ್ಲ ಇಬ್ಬರದೇ. ಜಾಂಬವತಿಗಾದರೆ ಕಲ್ಯಾಣದ ಪ್ರಸಂಗವೊಂದಿದೆ. ಯಮುನೆಯ ತೀರದಲ್ಲಿ ತಪಸ್ಸು ಮಾಡುತ್ತ ಕೃಷ್ಣನಿಗಾಗಿಯೇ ಕಾದಿದ್ದ ಕಾಳಿಂದಿ, ಪಾರಿಜಾತದ ಗಲಾಟೆ ನಡೆದ ಆ ದಿನ, ತನ್ನ ಅಂತಃಪುರದಲ್ಲಿ ಏನು ಅಂದುಕೊಂಡಳು?